ಎಂಟನೆಯವನ ಬಿಳಿ ಕೋಟು

'12 ಆಂಗ್ರಿ ಮೆನ್' ಸಿನಿಮಾದ ಬಗ್ಗೆ ಕೆಟ್ಟ ಮಾತಾಡುವವರು ಸಿಗುವುದೇ ಅಪರೂಪ. ಕಾನೂನು ಕಾಲೇಜುಗಳಲ್ಲಿ ಮೊದಲ ವರ್ಷದ ಹುಡುಗರಿಗೆ ತೋರಿಸುತ್ತಾರೆ. ಕಂಪನಿಗಳ ತರಬೇತಿ ಶಿಬಿರಗಳಲ್ಲಿ ನಾಯಕತ್ವದ ಪಾಠವೆಂದು ತೋರಿಸುತ್ತಾರೆ. ಫಿಲ್ಮ್ ಸೊಸೈಟಿಗಳಲ್ಲಂತೂ ಅದಕ್ಕೆ ದೇವರ ಪಟದ ಸ್ಥಾನ. ದೀಪ ಹತ್ತಿದ ಮೇಲೆ ಎಲ್ಲ ಕಡೆಯೂ ಕೇಳಿಬರುವುದು ಒಂದೇ ಮಾತು: ಹನ್ನೊಂದು ಮಂದಿ ಪೂರ್ವಗ್ರಹದಿಂದ ಕುರುಡಾಗಿದ್ದರು, ಒಬ್ಬನಿಗೆ ಮಾತ್ರ ವಿವೇಕವಿತ್ತು, ಅವನು ತಾಳ್ಮೆಯಿಂದ ಒಬ್ಬೊಬ್ಬರ ಕಣ್ಣು ತೆರೆಸಿದ, ನ್ಯಾಯ ಗೆದ್ದಿತು.

ಈ ಓದು ತಪ್ಪು ಎಂಬುದು ನನ್ನ ವಾದ. ಸಿನಿಮಾ ನಮ್ಮ ಕಣ್ಣೆದುರಿಗೇ ತೋರಿಸುತ್ತಿರುವುದನ್ನು ನೋಡದೆ, ಅದು ನಮಗೆ ಕೊಡುವ ಸಮಾಧಾನವನ್ನಷ್ಟೇ ಮನೆಗೆ ಒಯ್ದವರು ಕಟ್ಟಿದ ಮಾತು ಇದು. ಕೆಟ್ಟವರ ಎದೆಯಲ್ಲಿ ಪೂರ್ವಗ್ರಹ ಕೂತಿರುತ್ತದೆ, ಒಳ್ಳೆಯವನ ತಲೆಯಲ್ಲಿ ತರ್ಕ ಇರುತ್ತದೆ, ಇಬ್ಬರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಬಾಗಿಲು ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ ಎಂಬ ನಂಬಿಕೆ ನೋಡಲು ಮುದ್ದಾಗಿದೆ. ಅದು ನಿಜವಾದ ಕೋರ್ಟುಗಳಿಗೆ ಮಾಡಿರುವ ಹಾನಿಯೂ ಕಡಿಮೆಯಲ್ಲ.

ಕಥೆ ಬಹುಮಂದಿಗೆ ಗೊತ್ತು. ನ್ಯೂಯಾರ್ಕಿನ ಕೊಳೆಗೇರಿಯ ಹದಿನೆಂಟರ ಹುಡುಗನೊಬ್ಬ ಅಪ್ಪನನ್ನು ಚಾಕುವಿನಿಂದ ಇರಿದು ಕೊಂದ ಆರೋಪ. ತಪ್ಪಿತಸ್ಥನಾದರೆ ಮರಣದಂಡನೆ. ಹನ್ನೆರಡು ಗಂಡಸರ ಜ್ಯೂರಿಯ ಮೊದಲ ಮತದಲ್ಲಿ ಹನ್ನೊಂದು ಮಂದಿ ಅಪರಾಧಿ ಎನ್ನುತ್ತಾರೆ, ಎಂಟನೆಯವನು ಒಬ್ಬನೇ ಇಲ್ಲ ಎನ್ನುತ್ತಾನೆ. ಕೊನೆಗೆ ಹನ್ನೆರಡೂ ಮಂದಿ ನಿರಪರಾಧಿ ಎನ್ನುತ್ತಾರೆ. ರೆಜಿನಾಲ್ಡ್ ರೋಸ್ 1954ರಲ್ಲಿ ತಾನೇ ಜ್ಯೂರಿಯಲ್ಲಿ ಕೂತ ಅನುಭವದಿಂದ ಇದನ್ನು ಮೊದಲು ಟೆಲಿವಿಷನ್ನಿಗೆ ಬರೆದ. ಅದೇ ವರ್ಷ ಸೆಪ್ಟೆಂಬರ್ 20ರಂದು ಸಿಬಿಎಸ್ ವಾಹಿನಿಯ 'ಸ್ಟುಡಿಯೋ ವನ್' ಸರಣಿಯಲ್ಲಿ ನೇರಪ್ರಸಾರವಾಯಿತು. 1957ರಲ್ಲಿ ಸಿಡ್ನಿ ಲುಮೆಟ್ ಅದನ್ನೇ ತನ್ನ ಮೊದಲ ಸಿನಿಮಾ ಮಾಡಿದ. ಎಂಟನೆಯವನ ಪಾತ್ರದಲ್ಲಿ ಹೆನ್ರಿ ಫೋಂಡಾ, ರೋಸ್ ಜೊತೆಗೆ ನಿರ್ಮಾಪಕನೂ ಅವನೇ.

ಆ ಫೋಂಡಾನಿಂದಲೇ ಶುರು ಮಾಡೋಣ. ಅದಕ್ಕೆ ಹದಿನೆಂಟು ವರ್ಷ ಮೊದಲು, 1939ರಲ್ಲಿ, ಜಾನ್ ಫೋರ್ಡನ ಸಿನಿಮಾದಲ್ಲಿ ಕೊಲೆ ಆರೋಪಿಗಳ ಪರ ವಾದಿಸುವ ಯುವ ವಕೀಲ ಲಿಂಕನ್ ಆಗಿ ನಟಿಸಿದ್ದವನು ಅವನು. ಪ್ರೇಕ್ಷಕರಿಗೆ ಅವನ ಮುಖ ಎಂದರೆ ಪ್ರಾಮಾಣಿಕತೆಯ ಮುಖ. ಅವನಿಗೆ ಬೆಳ್ಳನೆಯ ಕೋಟು ಹಾಕಿಸಿ ಕಿಟಕಿಯ ಬಳಿ ಯೋಚನೆಯಲ್ಲಿ ನಿಲ್ಲಿಸಿದ ಕ್ಷಣಕ್ಕೇ ನಮ್ಮ ತೀರ್ಪು ಬಂದಾಯಿತು. ಅದಕ್ಕೂ ಮೊದಲೇ ಇನ್ನೊಂದು ಕೆಲಸ ಆಗಿರುತ್ತದೆ. ಜ್ಯೂರಿ ಎದ್ದು ಹೋಗುವಾಗ ಕ್ಯಾಮೆರಾ ಒಮ್ಮೆ, ಒಂದೇ ಒಮ್ಮೆ, ಆರೋಪಿ ಹುಡುಗನ ಮುಖಕ್ಕೆ ಹತ್ತಿರ ಹೋಗುತ್ತದೆ. ದೊಡ್ಡ ಕಣ್ಣುಗಳು, ಹೆದರಿದ ಮಗುವಿನ ಮುಖ. ಅವನೊಂದು ಮಾತೂ ಆಡುವುದಿಲ್ಲ. ಆ ಮುಖ ನಿಧಾನವಾಗಿ ಕರಗಿ ಖಾಲಿ ಜ್ಯೂರಿ ಕೋಣೆಯ ಮೇಲೆ ಹರಡಿಕೊಳ್ಳುತ್ತದೆ. ಒಂದು ಸಾಕ್ಷ್ಯವನ್ನೂ ಕೇಳಿರದ ನಾವು ಆ ಹುಡುಗನನ್ನು ಬಿಡುಗಡೆ ಮಾಡಿಬಿಟ್ಟಿರುತ್ತೇವೆ. ಅವನ ಬದಲು ಗಡಸು ಮುಖದ, ತುಟಿಯಂಚಿನಲ್ಲಿ ನಕ್ಕಂತಿರುವ, ನೋಡಿದರೆ ಮೈ ಜುಮ್ಮೆನ್ನುವ ಹುಡುಗನನ್ನು ತೋರಿಸಿದ್ದರೆ? ಸಾಕ್ಷ್ಯ ಅದೇ, ವಾದ ಅದೇ. ಚಿತ್ರಮಂದಿರದ ಅರ್ಧ ಜನ, ಅಪರಾಧಿಯೇ ಎಂದು ಕೊನೆಯವರೆಗೂ ಹಟ ಹಿಡಿಯುವ ಮೂರನೆಯ ಜ್ಯೂರರ್‌ನ ಪಕ್ಕ ಕೂರುತ್ತಿದ್ದರು.

ಲುಮೆಟ್ ಇದನ್ನು ಮುಚ್ಚಿಟ್ಟವನಲ್ಲ. ಮೊದಮೊದಲು ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿತ್ತು, ಆಮೇಲೆ ಕಣ್ಣಿನ ಮಟ್ಟಕ್ಕೆ ಬಂತು, ಕೊನೆಯಲ್ಲಿ ಅದಕ್ಕಿಂತ ಕೆಳಗಿಳಿಯಿತು, ಲೆನ್ಸುಗಳನ್ನು ಬದಲಿಸುತ್ತ ಹೋಗಿ ಗೋಡೆಗಳು ಪಾತ್ರಗಳನ್ನು ಒತ್ತರಿಸುವಂತೆ ಮಾಡಿದೆ ಎಂದು ತನ್ನ ಪುಸ್ತಕದಲ್ಲಿ ಅವನೇ ವಿವರಿಸಿದ್ದಾನೆ. ನಮ್ಮ ಉಸಿರು ಕಟ್ಟಿದ್ದು, ಆಮೇಲೆ ಸಡಿಲವಾದದ್ದು ಎಲ್ಲವೂ ಲೆಕ್ಕ ಹಾಕಿ ಮಾಡಿದ್ದು. ಕಲೆಗಾರನ ಹಕ್ಕು ಅದು, ತಕರಾರಿಲ್ಲ. ತಕರಾರಿರುವುದು ಇಷ್ಟೆಲ್ಲ ಒಲವು ತುಂಬಿಸಿಕೊಂಡು ಹೊರಬಂದು, ನಾವು ತರ್ಕದ ಗೆಲುವನ್ನು ನೋಡಿಬಂದೆವು ಎನ್ನುವ ಪ್ರೇಕ್ಷಕನ ಬಗ್ಗೆ.

ಈಗ ಕೋಣೆಯೊಳಗೆ ಹೋಗೋಣ. ತರ್ಕ ಗೆದ್ದಿತು ಎನ್ನುವವರು ಆ ಹನ್ನೆರಡು ಮತಗಳನ್ನು ಒಂದೊಂದಾಗಿ ಎಣಿಸಿ ತೋರಿಸಲಿ. ಎಂಟನೆಯವನ ಪಾಳೆಯಕ್ಕೆ ಮೊದಲು ಬಂದ ಒಂಬತ್ತನೆಯ ಮುದುಕನನ್ನು ಯಾವ ವಾದವೂ ಒಪ್ಪಿಸಿರಲಿಲ್ಲ. ಒಬ್ಬನೇ ನಿಂತವನ ಗಟ್ಟಿತನಕ್ಕೆ ಮರ್ಯಾದೆ ಕೊಟ್ಟು, ಇನ್ನಷ್ಟು ಕೇಳೋಣ ಎಂದು ಬಂದವನು ಅವನು. ಏಳನೆಯವನ ಜೇಬಿನಲ್ಲಿ ಬೇಸ್‌ಬಾಲ್ ಪಂದ್ಯದ ಟಿಕೆಟ್ಟಿದೆ. ಅವನಿಗೆ ಸಾಕಾಗಿ ಪಕ್ಷ ಬದಲಿಸುತ್ತಾನೆ, ಅದಕ್ಕೆ ಹನ್ನೊಂದನೆಯವನಿಂದ ಉಗಿಸಿಕೊಳ್ಳುತ್ತಾನೆ, ಆದರೂ ಆ ಮತ ಲೆಕ್ಕಕ್ಕೆ ಸೇರಿಯೇಬಿಡುತ್ತದೆ! ಹನ್ನೆರಡನೆಯವನು ಜಾಹೀರಾತು ಕಂಪನಿಯವನು, ಗಾಳಿ ಬಂದ ಕಡೆ ತೂರಿಕೊಂಡು ಆಚೆ ಈಚೆ ಓಡಾಡುತ್ತಾನೆ. ಹತ್ತನೆಯವನು 'ಆ ಜನ'ರ ಬಗ್ಗೆ ವಿಷ ಕಾರುತ್ತ ಹೋದಂತೆ ಒಬ್ಬೊಬ್ಬರೇ ಮೇಜು ಬಿಟ್ಟೆದ್ದು ಬೆನ್ನು ತಿರುಗಿಸುತ್ತಾರೆ. ಅವನು ಮೂಲೆ ಹಿಡಿದು, ಕೊನೆಗೆ ಸುಮ್ಮನೆ ತಲೆಯಾಡಿಸಿ ನಿರಪರಾಧಿ ಎನ್ನುತ್ತಾನೆ. ಅವನ ಪೂರ್ವಗ್ರಹ ಎಲ್ಲಿ ತೊಳೆದುಹೋಯಿತು? ಬಾಯಿ ಮುಚ್ಚಿಸಿದರು, ಅಷ್ಟೆ. ಮನೆಗೆ ಹೋದ ಮೇಲೆ ಅವನು ಅದೇ ಮಾತನ್ನು ಹೆಂಡತಿಯ ಮುಂದೆ ಇನ್ನೂ ಜೋರಾಗಿ ಆಡಿರುತ್ತಾನೆ. ಮೂರನೆಯವನು ಬಿಟ್ಟುಹೋದ ಮಗನ ಫೋಟೋ ಹರಿದು, ಅತ್ತು, ಮತ ಬದಲಿಸುತ್ತಾನೆ. ಅಳು ವಾದವಲ್ಲ.

ಹೀಗೆ ಬೇಸರಕ್ಕೆ, ಮುಜುಗರಕ್ಕೆ, ಮರ್ಯಾದೆಗೆ, ಕಣ್ಣೀರಿಗೆ ಬಿದ್ದ ಮತಗಳನ್ನು ಕಳೆಯುತ್ತ ಹೋದರೆ ತರ್ಕದ ಪಾಲಿಗೆ ಉಳಿಯುವುದು ಏನು? ಉಳಿಯುವುದು ಮೂರು ನಾಲ್ಕು ನಿಜವಾದ ತಿರುವುಗಳು. ಸಿನಿಮಾದ ಜೀವ ಇರುವುದೂ ಅಲ್ಲೇ. ಆ ತಿರುವುಗಳನ್ನು ತಂದವರು ಯಾರು, ಎಲ್ಲಿಂದ ತಂದರು ಎಂಬುದನ್ನು ನೋಡಿದರೆ ಪ್ರಚಲಿತ ಓದು ಪೂರ್ತಿ ತಲೆಕೆಳಗಾಗುತ್ತದೆ.

ಮೇಲಿನಿಂದ ಕೆಳಕ್ಕೆ ಇರಿದ ಗಾಯ ಅದು. ಸ್ಪ್ರಿಂಗ್ ಚಾಕುವನ್ನು ಕೈಯಾಡಿಸಿ ಬಲ್ಲವನು ಹಾಗೆ ಇರಿಯುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಎತ್ತುತ್ತಾನೆ ಎಂದು ಹೇಳುವವನು ಐದನೆಯವನು. ಅವನಿಗೆ ಅದು ಗೊತ್ತಿರುವುದು ಅವನೂ ಕೊಳೆಗೇರಿಯಲ್ಲಿ ಬೆಳೆದು ಅಂಥ ಜಗಳಗಳನ್ನು ಕಂಡಿದ್ದರಿಂದ. ಕೆಳಮಹಡಿಯ ಕುಂಟ ಮುದುಕ ಸಾಕ್ಷಿ ಯಾಕೆ ಇಲ್ಲದ್ದನ್ನು ಕಂಡಂತೆ ಹೇಳಿರಬಹುದು ಎಂದು ಊಹಿಸುವವನು ಒಂಬತ್ತನೆಯವನು. ಜೀವಮಾನದಲ್ಲಿ ಯಾರೂ ಮಾತು ಕೇಳದ ಮುದುಕನಿಗೆ ಒಂದು ದಿನ ಎಲ್ಲರೂ ಕಿವಿಗೊಟ್ಟರೆ ಏನಾಗುತ್ತದೆ ಎಂದು ಇನ್ನೊಬ್ಬ ಮುದುಕನಿಗಲ್ಲದೆ ಯಾರಿಗೆ ಗೊತ್ತಾಗಬೇಕು? ಅವನು ಮಾತಾಡುತ್ತಿರುವುದು ಮುಕ್ಕಾಲು ತನ್ನ ಬಗ್ಗೆಯೇ. ರೈಲು ಹಾದುಹೋಗುವಾಗಿನ ಗದ್ದಲದಲ್ಲಿ ಹುಡುಗನ ಕೂಗು ಆ ಸಾಕ್ಷಿಗೆ ಕೇಳಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಬಲ ಬರುವುದೂ ಆ ಹಳಿಗಳ ಪಕ್ಕದ ಮನೆಯೊಂದರಲ್ಲಿ ಕೆಲಸ ಮಾಡಿ, ಆ ಸದ್ದು ಅನುಭವಿಸಿದವನೊಬ್ಬ ಅಲ್ಲಿ ಕೂತಿದ್ದರಿಂದ. ಇವೆಲ್ಲವೂ ಕಾನೂನಿನ ಕಟ್ಟುನಿಟ್ಟಿನ ಭಾಷೆಯಲ್ಲಿ ಏನು? ವೈಯಕ್ತಿಕ ಒಲವು. ತನ್ನ ಬದುಕನ್ನು ಸಾಕ್ಷ್ಯದ ಮೇಲೆ ಹೇರುವುದು. ಮೂರನೆಯವನು ಮಾಡಿದ್ದೂ ಅದನ್ನೇ. ಅವನು ಆರೋಪಿಯಲ್ಲಿ ತನ್ನ ಮಗನನ್ನು ಕಂಡ, ಒಂಬತ್ತನೆಯವನು ಸಾಕ್ಷಿಯಲ್ಲಿ ತನ್ನನ್ನೇ ಕಂಡ.

ನಾಲ್ಕನೆಯವನನ್ನು ನೋಡಿ. ಷೇರು ದಲ್ಲಾಳಿ, ಕೋಟು ಬಿಚ್ಚದವನು, ತಾನು ಬೆವರುವುದೇ ಇಲ್ಲ ಎನ್ನುವವನು, ಎಂದೂ ದನಿ ಎತ್ತದವನು. ಪೂರ್ವಗ್ರಹದ ಸೋಂಕಿಲ್ಲದ ಶುದ್ಧ ತರ್ಕ ಆ ಕೋಣೆಯಲ್ಲಿ ಯಾರಲ್ಲಾದರೂ ಇದ್ದರೆ ಅವನಲ್ಲಿ. ಹತ್ತನೆಯವನ ಬಾಯಿ ಮುಚ್ಚಿಸುವವನೂ ಅವನೇ. ಅಂಥವನು ಕೊನೆಯ ಘಟ್ಟದವರೆಗೂ ಅಪರಾಧಿ ಎನ್ನುತ್ತಿರುತ್ತಾನೆ. ಎದುರು ಕಿಟಕಿಯಿಂದ ಕೊಲೆ ಕಂಡೆ ಎಂದ ಹೆಂಗಸಿನ ಮೂಗಿನ ಮೇಲೆ ಕನ್ನಡಕ ಒತ್ತಿದ ಗುರುತಿತ್ತು. ಆಕೆ ಹಾಸಿಗೆಯಲ್ಲಿ ಕನ್ನಡಕ ಹಾಕಿರಲು ಸಾಧ್ಯವೇ ಎಂಬ ಪ್ರಶ್ನೆ ಅವನನ್ನು ಬೀಳಿಸುತ್ತದೆ. ತಮಾಷೆ ಏನೆಂದರೆ ಕನ್ನಡಕ ಹಾಕುವವನು ಅವನೇ. ಅವನು ಮೂಗು ಉಜ್ಜಿಕೊಳ್ಳುವುದನ್ನು ಕಂಡು ಆ ಹೆಂಗಸಿನ ಗುರುತನ್ನು ನೆನಪಿಸಿಕೊಂಡವನು ಒಂಬತ್ತನೆಯವನು. ತನ್ನ ಮೂಗಿನ ಮೇಲಿನ ಸಾಕ್ಷ್ಯ ತನಗೇ ಕಾಣದಷ್ಟು ನಿರ್ಲಿಪ್ತತೆ ನಾಲ್ಕನೆಯವನದು. ತಾನು ಯಾರು, ಎಲ್ಲಿಂದ ಬಂದವನು ಎಂಬುದನ್ನು ಬಾಗಿಲ ಹೊರಗೆ ಬಿಟ್ಟು ಬಂದವನಿಗೆ ಸತ್ಯ ಕೊನೆಗೆ ಕಂಡಿತು, ಜೊತೆಯಲ್ಲೇ ಹೊತ್ತು ತಂದವರಿಗೆ ಮೊದಲು ಕಂಡಿತು. 'ಪೂರ್ವಗ್ರಹ ಬಿಟ್ಟು ಯೋಚಿಸಿ' ಎಂಬ ಪಾಠಕ್ಕೆ ಈ ಸಿನಿಮಾ ತೋರಿಸುವ ಮೇಷ್ಟ್ರುಗಳು ಇದನ್ನು ಗಮನಿಸಿದ್ದಾರೆಯೇ ಎಂದು ನನಗೆ ಅನುಮಾನ.

ಎಂಟನೆಯವನ ಸ್ವಂತ ಕಾಣಿಕೆ ಏನು ಹಾಗಾದರೆ? ಮಾತು ಮುಂದುವರಿಸಿದ್ದು. ಜೊತೆಗೆ ಒಂದು ಅಕ್ರಮ. ಹಿಂದಿನ ರಾತ್ರಿ ಹುಡುಗನ ಬೀದಿಯಲ್ಲಿ ಅಲೆದು, ಅಂಥದೇ ಚಾಕು ಕೊಂಡು ತಂದು ಮೇಜಿಗೆ ಚುಚ್ಚುತ್ತಾನಲ್ಲ, ಎಲ್ಲರೂ ಬೆರಗಾಗುವ ಆ ದೃಶ್ಯ ನಿಜವಾದ ಕೋರ್ಟಿನಲ್ಲಿ ವಿಚಾರಣೆಯನ್ನೇ ರದ್ದು ಮಾಡಿಸುವಂಥದ್ದು. ಜ್ಯೂರರ್ ತಾನಾಗಿ ತನಿಖೆ ಮಾಡುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಸೋನಿಯಾ ಸೊಟೊಮೇಯರ್ 2010ರಲ್ಲಿ ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಈ ಚಿತ್ರದ ಪ್ರದರ್ಶನದ ನಂತರ ಮಾತಾಡುತ್ತ, ಕಾನೂನಿನ ದಾರಿ ಹಿಡಿಯಲು ತನಗೆ ಸ್ಫೂರ್ತಿಯಾದ ಸಿನಿಮಾ ಇದೆಂದರು. ಕೆಳಗಿನ ಕೋರ್ಟಿನಲ್ಲಿದ್ದಾಗ ಮಾತ್ರ ಈ ಸಿನಿಮಾದವರಂತೆ ಮಾಡಬೇಡಿ ಎಂದು ಜ್ಯೂರಿಗಳಿಗೆ ಹೇಳುತ್ತಿದ್ದುದಾಗಿಯೂ ತಿಳಿಸಿದರು. ಆದರೆ ನನ್ನ ಸಿಟ್ಟು ಎಂಟನೆಯವನ ಮೇಲಲ್ಲ. ಕನ್ನಡಕ, ರೈಲು, ಕುಂಟ ಕಾಲು, ಚಾಕು, ಇವನ್ನೆಲ್ಲ ಪಾಟೀಸವಾಲಿನಲ್ಲಿ ಕೇಳಬೇಕಾಗಿದ್ದ ಸರ್ಕಾರಿ ಖರ್ಚಿನ ವಕೀಲ ಎಲ್ಲಿ ಹೋಗಿದ್ದ? ಸಾವು-ಬದುಕಿನ ಮಾತನ್ನು ಆಕಳಿಸುವವರ ದನಿಯಲ್ಲಿ ಹೇಳಿ ಮುಗಿಸಿದ ಆ ನ್ಯಾಯಾಧೀಶ? ವಕೀಲ ಕೈಬಿಟ್ಟ ಕೆಲಸವನ್ನು ಒಬ್ಬ ಪುಣ್ಯಾತ್ಮ ಸೇವೆಯಾಗಿ ಮಾಡಿದ ಎಂದು ನಾವು ಕೈಚಪ್ಪಾಳೆ ತಟ್ಟುತ್ತ ಎದ್ದು ಬರುತ್ತೇವೆ. ಬಡವನ ಮಗನಿಗೆ ಮುಂದಿನ ಸಲ ಹೆನ್ರಿ ಫೋಂಡಾ ಸಿಗದಿದ್ದರೆ ಏನು ಗತಿ ಎಂದು ಯಾರೂ ಕೇಳುವುದಿಲ್ಲ.

ಸಿಗಲಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ರೋಸ್‌ನ ನಾಟಕ ಟೆಲಿವಿಷನ್ನಿನಲ್ಲಿ ಬಂದು ಸರಿಯಾಗಿ ಒಂದು ವರ್ಷಕ್ಕೆ, 1955ರ ಸೆಪ್ಟೆಂಬರ್ ಮೂರನೆಯ ವಾರದಲ್ಲಿ, ಮಿಸಿಸಿಪಿಯ ಸಮ್ನರ್ ಎಂಬ ಸಣ್ಣ ಊರಿನ ಕೋರ್ಟಿನಲ್ಲಿ ಇನ್ನು ಹನ್ನೆರಡು ಗಂಡಸರು ಕೂತಿದ್ದರು. ಎಲ್ಲರೂ ಬಿಳಿಯರು. ಮಿಸಿಸಿಪಿಯಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂರಲು 1968ರವರೆಗೆ ಕಾಯಬೇಕಾಯಿತು. ಜ್ಯೂರಿಗೆ ಹೆಸರು ಆರಿಸುತ್ತಿದ್ದುದು ಮತದಾರರ ಪಟ್ಟಿಯಿಂದ, ಕರಿಯರೇ ಹೆಚ್ಚಿದ್ದ ಆ ಕೌಂಟಿಯಲ್ಲಿ ಆ ಪಟ್ಟಿಯಲ್ಲಿ ಕರಿಯರ ಹೆಸರೇ ಇರಲಿಲ್ಲ. ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ ಹದಿನಾಲ್ಕರ ಕರಿಯ ಹುಡುಗ ಎಮೆಟ್ ಟಿಲ್‌ನನ್ನು ನಡುರಾತ್ರಿ ಎತ್ತಿಕೊಂಡು ಹೋಗಿ ಕೊಂದು, ಹತ್ತಿ ಜಿನ್ನಿನ ಭಾರದ ಫ್ಯಾನನ್ನು ಮುಳ್ಳುತಂತಿಯಿಂದ ಕೊರಳಿಗೆ ಕಟ್ಟಿ ನದಿಗೆ ಎಸೆದ ಆರೋಪ, ರಾಯ್ ಬ್ರ್ಯಾಂಟ್ ಮತ್ತು ಜೆ. ಡಬ್ಲ್ಯೂ. ಮೈಲಮ್ ಎಂಬ ಮಲಸಹೋದರರ ಮೇಲೆ. ಹುಡುಗನ ಅಜ್ಜನ ಸಮಾನನಾದ ಮೋಸ್ ರೈಟ್, ಅರವತ್ತನಾಲ್ಕರ ಮುದುಕ, ಬಿಳಿಯರು ತುಂಬಿದ ಆ ಕೋರ್ಟಿನಲ್ಲಿ ಎದ್ದು ನಿಂತು ಕೈ ಚಾಚಿ ಆರೋಪಿಗಳನ್ನು ತೋರಿಸಿದ.

ಜ್ಯೂರಿ ಒಳಗೆ ಹೋಗಿ 67 ನಿಮಿಷಕ್ಕೆ ಹೊರಬಂತು. ಖುಲಾಸೆ. ಸೋಡಾ ಕುಡಿಯಲು ನಿಲ್ಲದಿದ್ದರೆ ಇಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ ಎಂದು ಅವರಲ್ಲೊಬ್ಬ ಹೇಳಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು.

ಇಲ್ಲಿ ನನಗೆ ಮುಖ್ಯವಾದ ಮಾತೊಂದಿದೆ. ಆ ಹನ್ನೆರಡು ಮಂದಿ 'ಕರಿಯನ ಜೀವ ಲೆಕ್ಕಕ್ಕಿಲ್ಲ' ಎಂದು ತೀರ್ಪು ಬರೆಯಲಿಲ್ಲ. ಅವರು ಕೊಟ್ಟ ಕಾರಣ ಎಂಟನೆಯವನದೇ ಭಾಷೆಯಲ್ಲಿತ್ತು: ಸಂಶಯ. ನದಿಯಿಂದ ಎತ್ತಿದ ಶವ ಟಿಲ್‌ನದೇ ಎಂಬುದು ಸಾಬೀತಾಗಿಲ್ಲ ಎಂದರು. ಅವನ ಬೆರಳಿನಲ್ಲಿ ಅಪ್ಪನ ಹೆಸರಿನ ಅಕ್ಷರಗಳಿದ್ದ ಉಂಗುರವಿತ್ತು. ಹೆತ್ತ ತಾಯಿ ಶವವನ್ನು ಗುರುತಿಸಿದ್ದಳು. ಆದರೂ ಕೌಂಟಿಯ ಷೆರೀಫನೇ ಬಂದು, ಶವ ಗುರುತು ಹಿಡಿಯಲಾರದಷ್ಟು ಹೆಚ್ಚು ದಿನ ನೀರಿನಲ್ಲಿತ್ತೆಂದು ಆರೋಪಿಗಳ ಪರವಾಗಿ ಸಾಕ್ಷಿ ನುಡಿದ. ರಾತ್ರಿಯ ಕತ್ತಲಲ್ಲಿ, ಟಾರ್ಚಿನ ಬೆಳಕು ಕಣ್ಣಿಗೆ ಬೀಳುತ್ತಿದ್ದಾಗ ಮುಖ ಹೇಗೆ ಕಂಡಿತು ಎಂದು ಮೋಸ್ ರೈಟ್‌ನನ್ನು ಪಾಟೀಸವಾಲಿನಲ್ಲಿ ಕೆದಕಿದರು. ಮುದುಕ ಸಾಕ್ಷಿ, ರಾತ್ರಿ, ಕಣ್ಣು, ಗುರುತು: ಫೋಂಡಾ ಎತ್ತಿದ ಪ್ರಶ್ನೆಗಳೆಲ್ಲ ಅಲ್ಲಿಯೂ ಇದ್ದವು. ಎಂಟನೆಯವನ ಉಪಕರಣಗಳನ್ನು ಹತ್ತನೆಯವನ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದು ಸಮ್ನರ್‌ನಲ್ಲಿ ಕಂಡಿತು. ಆರೋಪಿಗಳ ವಕೀಲನೊಬ್ಬ ಕೊನೆಯ ಮಾತಿನಲ್ಲಿ ಜ್ಯೂರಿಯ ಜನಾಂಗವನ್ನೇ ನೆನಪಿಸಿ, ಇವರನ್ನು ಬಿಡುಗಡೆ ಮಾಡುವ ಧೈರ್ಯ ನಿಮ್ಮೊಬ್ಬೊಬ್ಬರಿಗೂ ಇದೆಯೆಂಬ ನಂಬಿಕೆ ನನಗಿದೆ ಎಂದ. ಅವರ ಕಣ್ಣಿನಲ್ಲಿ ಅವರೆಲ್ಲ ಧೈರ್ಯವಂತರೇ. ಹೊರಗಿನ ಜಗತ್ತೆಲ್ಲ ಶಿಕ್ಷೆ ಕೊಡಿ ಎನ್ನುತ್ತಿರುವಾಗ ಒಬ್ಬಂಟಿಯಾಗಿ ನಿಂತ ಹನ್ನೆರಡು ಎಂಟನೆಯವರು! ನಾಲ್ಕು ತಿಂಗಳಾದ ಮೇಲೆ, 1956ರ ಜನವರಿಯಲ್ಲಿ, ಆ ಇಬ್ಬರೂ 'ಲುಕ್' ಪತ್ರಿಕೆಯಿಂದ ಹಣ ಪಡೆದು ಕೊಲೆ ಮಾಡಿದ್ದನ್ನು ಒಪ್ಪಿಕೊಂಡರು. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ನಡೆಸುವಂತಿಲ್ಲವಾದ್ದರಿಂದ ಯಾರೂ ಅವರನ್ನು ಮುಟ್ಟಲಾಗಲಿಲ್ಲ. ಮುಂದಿನ ವರ್ಷ ಲುಮೆಟ್‌ನ ಸಿನಿಮಾ ಬಿಡುಗಡೆಯಾಯಿತು; ಅದರಲ್ಲಿ ಆರೋಪಿ ಹುಡುಗ ಯಾವ ಜನಾಂಗದವನೆಂದು ಒಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಸಿನಿಮಾ ಆದರ್ಶವನ್ನು ತೋರಿಸುತ್ತದೆ, ಹಾಗೆ ನಡೆಯಬೇಕು ಎನ್ನುತ್ತದೆಯೇ ಹೊರತು ಹಾಗೆ ನಡೆಯುತ್ತದೆ ಎನ್ನುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಸರಿ. ಆದರೆ ಆದರ್ಶಕ್ಕೂ ನೆಲದ ನೆನಪು ಬೇಕು. ಷಿಕಾಗೋ ವಿಶ್ವವಿದ್ಯಾಲಯದ ಹ್ಯಾರಿ ಕಾಲ್ವೆನ್ ಮತ್ತು ಹಾನ್ಸ್ ಜೈಸೆಲ್ 1966ರಲ್ಲಿ 'ದಿ ಅಮೆರಿಕನ್ ಜ್ಯೂರಿ' ಪುಸ್ತಕದಲ್ಲಿ ಇದನ್ನು ಅಳೆದಿದ್ದರು. ಮೊದಲ ಮತದಲ್ಲಿ ಬಹುಮತ ಯಾವ ಕಡೆಗಿತ್ತೋ, ಹತ್ತರಲ್ಲಿ ಹತ್ತಿರ ಹತ್ತಿರ ಒಂಬತ್ತು ಪ್ರಕರಣಗಳಲ್ಲಿ ತೀರ್ಪೂ ಅದೇ ಕಡೆಗೆ. ಚರ್ಚೆ ಬಹಳ ಸಲ ಮಾಡುವ ಕೆಲಸ, ಆಗಲೇ ಆಗಿಹೋದ ತೀರ್ಮಾನಕ್ಕೆ ಬಟ್ಟೆ ತೊಡಿಸುವುದು. ಆರಂಭದಲ್ಲಿ ಜೊತೆಗಾರರಿಲ್ಲದ ಒಬ್ಬಂಟಿ ಕೊನೆಯವರೆಗೂ ನಿಲ್ಲುವುದೇ ದುರ್ಲಭ. ಹಾಗಾಗಿ ಒಳಗೆ ಹೋದ ಮೇಲೆ ಏನು ಮಾತಾಡುತ್ತಾರೆ ಎಂಬುದಕ್ಕಿಂತ ಒಳಗೆ ಯಾರನ್ನು ಬಿಟ್ಟರು ಎಂಬುದು ದೊಡ್ಡ ಪ್ರಶ್ನೆ. ಸಮ್ನರ್‌ನ ಮೇಜಿನಲ್ಲಿ ಒಬ್ಬ ಐದನೆಯವನಿರಲಿಲ್ಲ. ಮೋಸ್ ರೈಟ್‌ನ ಗುಡಿಸಲಿನ ಕತ್ತಲು ಎಷ್ಟು ಕತ್ತಲು, ಅಲ್ಲಿ ಯಾರ ಮುಖ ಹೇಗೆ ಕಾಣುತ್ತದೆ ಎಂದು ಬಲ್ಲ ಒಬ್ಬ ಕರಿಯ ರೈತನೂ, ಸತ್ತ ಮಗನನ್ನು ತಾಯಿ ಗುರುತಿಸದೆ ಇರುತ್ತಾಳೆಯೇ ಎಂದು ಕೇಳುವ ಒಬ್ಬ ಹೆಂಗಸೂ ಇರಲಿಲ್ಲ.

ನಮಗ್ಯಾಕೆ ಅಮೆರಿಕದ ಉಸಾಬರಿ, ನಾವು ಜ್ಯೂರಿಯನ್ನೇ ಬಿಟ್ಟು ಅರ್ಧ ಶತಮಾನವಾಯಿತು ಎನ್ನಬಹುದು. ಇಲ್ಲಿ ಅದೇ ಮೌಢ್ಯ ಇನ್ನೊಂದು ವೇಷದಲ್ಲಿದೆ. 1959ರ ನಾನಾವತಿ ಪ್ರಕರಣದ ಕಥೆಯನ್ನು ನಮ್ಮಲ್ಲಿ ಹೇಳುವ ರೀತಿ ಗೊತ್ತಲ್ಲ: ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಚೆಲುವ ನೌಕಾಧಿಕಾರಿ, ಅವನ ಪರ ಅಬ್ಬರಿಸಿದ 'ಬ್ಲಿಟ್ಜ್' ಪತ್ರಿಕೆ, ಮರುಳಾದ ಮುಂಬಯಿ ಜ್ಯೂರಿ 8–1ರಿಂದ ಬಿಟ್ಟುಬಿಟ್ಟಿತು, ನ್ಯಾಯಾಧೀಶರು ಕಾಪಾಡಿದರು, ಸರ್ಕಾರ ಬೇಸತ್ತು ಜ್ಯೂರಿಯನ್ನೇ ತೆಗೆಯಿತು. ಜನಕ್ಕೆ ಪೂರ್ವಗ್ರಹ, ಜಡ್ಜಿಗೆ ವಿವೇಕ. ಆದರೆ ಜ್ಯೂರಿಯನ್ನು ತೆಗೆಯಬೇಕೆಂದು ಕಾನೂನು ಆಯೋಗದ 14ನೆಯ ವರದಿ ಹೇಳಿದ್ದು 1958ರಲ್ಲಿ, ಗುಂಡು ಹಾರುವ ಮೊದಲೇ. ಜ್ಯೂರಿ ವಿಚಾರಣೆಗಳು ನಾನಾವತಿಯ ನಂತರವೂ ನಡೆದವು. ಪೂರ್ತಿ ಹೋದದ್ದು 1973ರ ಹೊಸ ದಂಡಪ್ರಕ್ರಿಯಾ ಸಂಹಿತೆಯೊಂದಿಗೆ. ಇನ್ನೂ ಮುಜುಗರದ ಸಂಗತಿ: ತೀರ್ಪು ತಪ್ಪಿದೆ ಎಂದು ಪ್ರಕರಣವನ್ನು ಮೇಲಕ್ಕೆ ಕಳಿಸಿದ ಸೆಷನ್ಸ್ ನ್ಯಾಯಾಧೀಶರು ಜ್ಯೂರಿಗೆ ಕಾನೂನು ವಿವರಿಸುವಾಗ ತಾವೇ ದಾರಿ ತಪ್ಪಿಸಿದ್ದರೆಂದು ಹೈಕೋರ್ಟ್ ಕಂಡುಕೊಂಡಿತು. ಆ ಒಂಬತ್ತರಲ್ಲಿ ಒಂದು ಮತ ಮಾತ್ರ ಬೇರೆಯಾಗಿತ್ತು. ಅದು ನಮ್ಮ ಎಂಟನೆಯವನು, ಶಿಕ್ಷೆಯ ಕಡೆಗೆ ನಿಂತವನು. ಮುಂಬಯಿಯ ನಿಯಮದಲ್ಲಿ ಒಮ್ಮತ ಬೇಕಿರಲಿಲ್ಲವಾದ್ದರಿಂದ ಉಳಿದ ಎಂಟು ಮಂದಿಗೆ ಅವನ ಜೊತೆ ಮಾತು ಬೆಳೆಸುವ ಅಗತ್ಯವೇ ಬೀಳಲಿಲ್ಲ.

ಜ್ಯೂರಿ ಹೋದ ಮೇಲೆ ಪೂರ್ವಗ್ರಹ ಎಲ್ಲಿ ಹೋಯಿತು? 1978ರಲ್ಲಿ ಸುಪ್ರೀಂ ಕೋರ್ಟು ಮಥುರಾ ಪ್ರಕರಣದಲ್ಲಿ, ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಆ ಹೆಸರಿನ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಎಸಗಿದ ಆರೋಪ ಹೊತ್ತ ಪೊಲೀಸರನ್ನು ಬಿಟ್ಟಿತು. ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಆಕೆ ಪ್ರತಿಭಟಿಸಿಲ್ಲ ಎಂಬುದು ತರ್ಕ. ಕೂತಿದ್ದವರು ಕಲಿತ ನ್ಯಾಯಮೂರ್ತಿಗಳು, ದನಿ ಎತ್ತದ ನಾಲ್ಕನೆಯವರು. ರಾತ್ರಿ ಠಾಣೆಯೊಳಗೆ ಪೊಲೀಸನ ಎದುರು ಒಂದು ಬಡ ಹುಡುಗಿ ಕೂಗಾಡುವುದು ಎಷ್ಟು ಸಾಧ್ಯ ಎಂದು ಬಲ್ಲವರು ಆ ಪೀಠದಲ್ಲಿರಲಿಲ್ಲ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು ಆ ಪ್ರಶ್ನೆಯನ್ನು ಹೊರಗಿನಿಂದ ಕೇಳಬೇಕಾಯಿತು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು.

ನಮ್ಮದೇ ನೆಲದ ಕಂಬಾಲಪಲ್ಲಿಯಲ್ಲಿ ಪೂರ್ವಗ್ರಹಕ್ಕೆ ಮೇಜೂ ಬೇಕಾಗಲಿಲ್ಲ. 2000ದ ಮಾರ್ಚಿನಲ್ಲಿ ಅಂದಿನ ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳೆಲ್ಲರನ್ನೂ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಎದುರಿಗೆ ಸಾಕ್ಷ್ಯವೇ ಇಲ್ಲದಾಗ ಎಂಥ ವಿವೇಕಿಯೂ ಬಿಡಲೇಬೇಕು. ಊರಿನಲ್ಲಿ ಯಾರ ಹೊಲದಲ್ಲಿ ಕೂಲಿ, ಯಾರ ಅಂಗಡಿಯಲ್ಲಿ ಸಾಲ ಎಂಬ ಲೆಕ್ಕದಲ್ಲೇ ಹತ್ತನೆಯವನು ತನ್ನ ಕೆಲಸ ಮುಗಿಸಿರುತ್ತಾನೆ. ಸಾಕ್ಷಿ ಕಟಕಟೆ ಹತ್ತುವ ಮೊದಲೇ ಮುಗಿದ ಆಟದಲ್ಲಿ ಫೋಂಡಾ ಯಾವ ಕೋಟು ಹಾಕಿಕೊಂಡು ಬಂದರೇನು?

ಬಾಸು ಚಟರ್ಜಿ 1986ರಲ್ಲಿ 'ಏಕ್ ರುಕಾ ಹುವಾ ಫೈಸ್ಲಾ' ತೆಗೆದಾಗ ದೇಶದ ಕ್ರಿಮಿನಲ್ ಕೋರ್ಟುಗಳಲ್ಲಿ ಜ್ಯೂರಿ ಹೋಗಿ ಹತ್ತು ವರ್ಷದ ಮೇಲಾಗಿತ್ತು. ಕನ್ನಡದಲ್ಲಿ ರವಿ ಶ್ರೀವತ್ಸ ಅವರ 'ದಶಮುಖ' ಅದೇ ಕಥೆಯ ನೆರಳಲ್ಲಿ 2012ರಲ್ಲಿ ಬಂತು. ಇಲ್ಲದ ಜ್ಯೂರಿಯ ಬಗ್ಗೆ ನಾವು ಮತ್ತೆ ಮತ್ತೆ ಸಿನಿಮಾ ಮಾಡುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಆ ಕಥೆ ನಮ್ಮಿಂದ ಏನನ್ನೂ ಬೇಡುವುದಿಲ್ಲ. ಪೀಠದಲ್ಲಿ ಯಾರು ಕೂತಿದ್ದಾರೆ, ಬಡವನ ವಕೀಲನಿಗೆ ಸಂಬಳ ಎಷ್ಟು, ಸಾಕ್ಷಿಗೆ ರಕ್ಷಣೆ ಯಾರು ಕೊಡುತ್ತಾರೆ ಎಂಬ ಬೇಸರದ ಪ್ರಶ್ನೆಗಳನ್ನು ಬದಿಗಿಟ್ಟು ಒಬ್ಬ ಒಳ್ಳೆಯವನಿಗಾಗಿ ಕಾಯಿರಿ ಎನ್ನುತ್ತದೆ.

ಸ್ವಂತ ಅನುಭವವೇ ಸತ್ಯದ ದಾರಿಯೆಂದು ನಾನು ಹೇಳಿದರೆ, ಅದೇ ಅನುಭವ ವಿಷವೂ ಆಗುತ್ತದಲ್ಲ ಎಂದು ತಿರುಗಿ ಕೇಳಬಹುದು. ಆಗುತ್ತದೆ. 2010ರಲ್ಲಿ ಕೊಲರಾಡೊದಲ್ಲಿ ಮೆಕ್ಸಿಕೊ ಮೂಲದ ಒಬ್ಬನ ಮೇಲಿನ ಲೈಂಗಿಕ ಕಿರುಕುಳದ ಪ್ರಕರಣದಲ್ಲಿ ಹಾಗೇ ಆಯಿತು. ಹಿಂದೆ ಪೊಲೀಸ್ ಕೆಲಸದಲ್ಲಿದ್ದ ಜ್ಯೂರರ್ ಒಬ್ಬ, ಮೆಕ್ಸಿಕನ್ ಗಂಡಸರು ಎಂಥವರೆಂದು ತನ್ನ ಅನುಭವದಿಂದ ಬಲ್ಲೆ ಎಂದು ಒಳಗೆ ವಾದಿಸಿದ. ಆರೋಪಿಯ ಪರ ಬಂದ ಸಾಕ್ಷಿಯನ್ನು, ಅವನು ಕಾನೂನುಬದ್ಧ ನಿವಾಸಿಯೆಂದು ಕೋರ್ಟಿನಲ್ಲಿ ಹೇಳಿದ್ದರೂ, ಅಕ್ರಮ ವಲಸಿಗ ಎಂದು ತಳ್ಳಿಹಾಕಿದ. ಐದನೆಯವನ ಚಾಕು ಅಲ್ಲಿ ಇನ್ನೊಬ್ಬನ ಕೈಯಲ್ಲಿತ್ತು. ಯಾರೂ ಮೇಜು ಬಿಟ್ಟು ಎದ್ದು ಬೆನ್ನು ತಿರುಗಿಸಿದ ವರದಿಯಿಲ್ಲ. ಶಿಕ್ಷೆಯಾಯಿತು. ಎಲ್ಲರೂ ಹೊರಬಂದ ಮೇಲೆ ಇಬ್ಬರು ಜ್ಯೂರರುಗಳು ಹಿಂದೆ ಉಳಿದು ಆರೋಪಿಯ ವಕೀಲನಿಗೆ ಒಳಗೆ ನಡೆದದ್ದನ್ನು ಹೇಳಿದರು. ಒಳಗಿದ್ದಾಗ ಅವರೂ ಅಪರಾಧಿ ಎಂದೇ ಮತ ಹಾಕಿದ್ದವರು.

ಜ್ಯೂರಿ ಕೋಣೆಯ ಮಾತನ್ನು ಆಮೇಲೆ ಕೋರ್ಟಿಗೆ ತರುವಂತಿಲ್ಲ ಎಂಬ ಹಳೆಯ ನಿಯಮ ಅವರ ಮಾತಿಗೆ ಅಡ್ಡ ನಿಂತಿತು. ಕೆಳಗಿನ ಕೋರ್ಟುಗಳು ಕೇಳಲಿಲ್ಲ. 2017ರ ಮಾರ್ಚಿನಲ್ಲಿ, ಪೆನ್ಯಾ-ರೋಡ್ರಿಗೆಸ್ ಎಂಬ ಆ ಆರೋಪಿಯ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು 5–3 ಮತದಿಂದ ಆ ಬಾಗಿಲನ್ನು ಒಂದು ಗೇಣು ತೆರೆಯಿತು. ಜನಾಂಗದ್ವೇಷದಿಂದ ಮತ ಹಾಕಿದ್ದಾನೆಂದು ಜ್ಯೂರರ್ ಒಬ್ಬನ ಮಾತಿನಿಂದಲೇ ಸ್ಪಷ್ಟವಾದರೆ ಮಾತ್ರ ಕೇಳಬಹುದು ಎಂದಿತು. ಪಂದ್ಯದ ಟಿಕೆಟ್ಟಿಗೆ ಮತ ಮಾರಿದ ಏಳನೆಯವನೂ, ಮಗನ ಮೇಲಿನ ಸಿಟ್ಟನ್ನು ಪರರ ಮಗನ ಮೇಲೆ ತೀರಿಸಿಕೊಳ್ಳುವ ಮೂರನೆಯವನೂ ಇವತ್ತಿಗೂ ಆ ಬಾಗಿಲ ಹಿಂದೆ ಕ್ಷೇಮವಾಗಿದ್ದಾರೆ.